ಆಪ್ತಸಲಹೆ ಪ್ರಕರಣ: ಹಬ್ಬದ ದಿನ ದೊಡ್ಡಸೊಸೆ ಊಟ ಮಾಡಿದ್ದು ಎಷ್ಟೊತ್ತಿಗೆ?

(ಗುರುತು ಸಿಗಬಾರದು ಅಂತ ಊರು, ವಯಸ್ಸು, ಮನೆಯ ಕೆಲವು ವಿವರ ಬದಲಾಯಿಸಿದ್ದೀನಿ. ಬರೆಯೋಕೆ ಅವರ ಒಪ್ಪಿಗೆ ಇದೆ.)

ನಲವತ್ತರ ಆಸುಪಾಸಿನ ಹೆಂಗಸು, ಕೂಡು ಕುಟುಂಬದ ದೊಡ್ಡಸೊಸೆ. ಗೌರಿ-ಗಣೇಶ ಹಬ್ಬ ಮುಗಿದ ವಾರ ಬಂದ್ರು. ಬಂದವರೇ ಹೇಳಿದ್ದು, "ಮೇಡಂ ನಂಗೆ ಬಾಯಿ ಕಟ್ಟೋಕೆ ಆಗ್ತಿಲ್ಲ, ಶ್ರಾವಣ ಬಂತು ಅಂದ್ರೆ ಭಯ ಆಗತ್ತೆ." ಎಚ್‌ಬಿಎ1ಸಿ (ರಕ್ತದಲ್ಲಿ ಶುಗರ್ ನೋಡೋ ಟೆಸ್ಟ್) 6.1 ಬಂದಿತ್ತು, ಅಂದ್ರೆ ಶುಗರ್ ಬಾರ್ಡರ್‌ನಲ್ಲಿ (5.7ರಿಂದ 6.4ರವರೆಗೆ ಬಾರ್ಡರ್ ಅಂತಾರೆ). ಡಾಕ್ಟರು ಸ್ವೀಟ್ ಬಿಡಿ ಅಂದಿದ್ರು, ಮನೆಯವರು ದಪ್ಪ ಆಗ್ತಿದ್ದೀಯ ಅಂತಿದ್ರು, ಇವರು ತಮ್ಮನ್ನ ತಾವೇ ಹೊಟ್ಟೆಬಾಕಿ ಅಂತ ಬೈಕೊಂಡು ಅಳ್ತಿದ್ರು.

ನಾನು ಏನು ತಿಂದ್ರಿ ಅಂತ ಕೇಳ್ಲಿಲ್ಲ, ವರಮಹಾಲಕ್ಷ್ಮಿ ಹಬ್ಬದ ದಿನ ಬೆಳಗ್ಗೆಯಿಂದ ಏನೇನಾಯ್ತು ಹೇಳಿ ಅಂದೆ. ನಾಲ್ಕು ಗಂಟೆಗೆ ಎದ್ದು ತಲೆಸ್ನಾನ, ಕಳಶ ಕೂರಿಸೋದು, ಹೂರಣ ರುಬ್ಬೋದು, ಪೂಜೆ ಆಗೋವರೆಗೂ ಬರೀ ಕಾಫಿ ಮೇಲೆ ಕಾಫಿ, ಆಮೇಲೆ ಗಂಡಸರು ಮಕ್ಕಳು ನೆಂಟರು ಅಂತ ಪಂಕ್ತಿ ಮೇಲೆ ಪಂಕ್ತಿ ಬಡಿಸಿ ತಾವು ಕೂತಿದ್ದು ಮೂರೂವರೆಗೆ, ಅಷ್ಟೊತ್ತಿಗೆ ಹಸಿವೇ ಸತ್ತುಹೋಗಿ ಎರಡು ತುತ್ತು ಚಿತ್ರಾನ್ನ ತಿಂದು ಎದ್ರಂತೆ. ಸಂಜೆ ಅರಿಶಿನ-ಕುಂಕುಮಕ್ಕೆ ಬಂದವರಿಗೆಲ್ಲ ತಾಂಬೂಲ ಕೊಡೋ ಓಡಾಟ. ರಾತ್ರಿ ಹನ್ನೊಂದಕ್ಕೆ ಎಲ್ಲರೂ ಮಲಗಿದ ಮೇಲೆ ಅಡುಗೆಮನೇಲಿ ಲೈಟ್ ಕೂಡ ಹಾಕದೆ ನಿಂತ್ಕೊಂಡೇ ಐದಾರು ಹೋಳಿಗೆ, ಆಮೇಲೆ ಕೋಡುಬಳೆ ಡಬ್ಬ. "ರುಚಿ ಕೂಡ ಗೊತ್ತಾಗಲ್ಲ ಮೇಡಂ, ಕೈ ನಿಲ್ಲಲ್ಲ." ಮಾರನೇ ದಿನ ತಪ್ಪು ಮಾಡಿದೆ ಅಂತ ಬರೀ ಮಜ್ಜಿಗೆ ಕುಡ್ಕೊಂಡಿರೋದು, ಅವತ್ತು ರಾತ್ರಿ ಮತ್ತೆ ಅದೇ ಕಥೆ.

ಇದನ್ನ ಬಾಯಿಚಪಲ ಅನ್ನೋಕೆ ನಾನು ಒಪ್ಪಲ್ಲ. ಹತ್ತೊಂಬತ್ತು ಗಂಟೆ ಸರಿಯಾಗಿ ಊಟ ಇಲ್ಲದ ದೇಹ ಸಿಹಿ, ಎಣ್ಣೆ ಕಂಡ್ರೆ ಹಾಗೇ ಮುಗಿಬೀಳೋದು, ನಿದ್ದೆಗೆಟ್ಟಾಗ ಹಸಿವು ಇನ್ನೂ ಜಾಸ್ತಿ ಆಗತ್ತೆ, ಹೊಟ್ಟೆ ತುಂಬಿದ್ದು ನಮಗೆ ಗೊತ್ತಾಗೋಕೆ ಸುಮಾರು ಇಪ್ಪತ್ತು ನಿಮಿಷ ಬೇಕು, ನಿಂತ್ಕೊಂಡು ಗಬಗಬ ತಿಂದ್ರೆ ಅಷ್ಟರಲ್ಲಿ ಡಬ್ಬ ಅರ್ಧ ಖಾಲಿ ಆಗಿರತ್ತೆ. ಇನ್ನೊಂದು ವಿಷಯ ಅವರೇ ಮಾತಾಡ್ತಾ ಮಾತಾಡ್ತಾ ಹೇಳಿದ್ರು, ಇಡೀ ದಿನದಲ್ಲಿ ಯಾರೂ ಕರೆಯದೆ ಇರೋ ಹೊತ್ತು ಅದೊಂದೇ ಅಂತ. ಆ ಮಾತಿಗೆ ನಾವು ತುಂಬಾ ಹೊತ್ತು ಕೊಟ್ವಿ, ಯಾಕಂದ್ರೆ ಆ ಹೊತ್ತಲ್ಲಿ ಅವರಿಗೆ ಬೇಕಾಗಿದ್ದು ಹೋಳಿಗೆ ಒಂದೇ ಅಲ್ಲ.

ಸಲಹೆ ಅಂತ ಕೊಟ್ಟಿದ್ರಲ್ಲಿ ಮೊದಲನೇದು ಬೆಳಗ್ಗೆ ಏನಾದ್ರೂ ತಿನ್ನಿ ಅನ್ನೋದು. ವ್ರತ ಬಿಡಿ ಅಂತ ನಾನು ಯಾರಿಗೂ ಹೇಳಲ್ಲ, ಅದು ಅವರ ನಂಬಿಕೆ. ಅತ್ತೆಯವರನ್ನ ಕೇಳಿ ನೋಡಿ ಅಂದೆ, ಹೆದರ್ಕೊಂಡೇ ಕೇಳಿದ್ದಾರೆ, ಅವರು "ಹಾಲು ಹಣ್ಣು ತಗೊಂಡ್ರೆ ವ್ರತ ಕೆಡಲ್ಲ ಕಣೇ, ಯಾರು ಬೇಡ ಅಂದ್ರು ನಿಂಗೆ" ಅಂದ್ರಂತೆ! ಇಷ್ಟು ವರ್ಷ ಯಾರೂ ಕೇಳಿರ್ಲಿಲ್ಲ, ಯಾರೂ ಹೇಳಿರ್ಲಿಲ್ಲ. (ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಮಾತ್ರ ಉಪವಾಸಕ್ಕೆ ಮುಂಚೆ ಡಾಕ್ಟರನ್ನ ಕೇಳಲೇಬೇಕು.)

ಆಮೇಲೆ ಎಲ್ಲರ ಜೊತೆ ಎಲೆ ಹಾಕ್ಕೊಂಡು ಕೂರೋದು, ಬಡಿಸೋಕೆ ಗಂಡ ಮತ್ತು ಮೈದುನ. ಮೊದಲು ಹೆಸರುಬೇಳೆ ಕೋಸಂಬರಿ, ಪಲ್ಯ ಹೊಟ್ಟೆಗೆ ಹೋಗ್ಲಿ, ಹೋಳಿಗೆ ಬಿಸಿ ಇದ್ದಾಗ್ಲೇ ತುಪ್ಪ ಹಾಕ್ಕೊಂಡು ಒಂದೋ ಎರಡೋ ನಿಧಾನಕ್ಕೆ ರುಚಿ ನೋಡ್ತಾ ತಿನ್ನಿ ಅಂದೆ. ಬೇಡವೇ ಬೇಡ ಅಂತ ಪೂರ್ತಿ ಬಿಡೋಕೆ ಹೊರಟಾಗೆಲ್ಲ ರಾತ್ರಿಯ ಆಸೆ ಇವರಿಗೆ ಇನ್ನೂ ಜಾಸ್ತಿ ಆಗ್ತಿತ್ತು. ಉಳಿದಿದ್ದನ್ನ ಅವತ್ತೇ ಅಕ್ಕಪಕ್ಕದವರಿಗೆ, ಮನೆಕೆಲಸಕ್ಕೆ ಬರೋರಿಗೆ ಕಟ್ಟಿಕೊಡೋದು. ನೆಂಟರ ಮನೇಲಿ ಇನ್ನೊಂದು ಹಾಕ್ಕೊಳ್ಳಿ ಅಂತ ಉಪಚಾರ ಮಾಡಿದ್ರೆ, ಹೊಟ್ಟೆ ತುಂಬಿದೆ, ಕಟ್ಟಿಕೊಡಿ ಮನೆಗೆ ತಗೊಂಡು ಹೋಗ್ತೀನಿ ಅಂದ್ರೆ ಅವರಿಗೂ ಬೇಜಾರಾಗಲ್ಲ. ರಾತ್ರಿ ಆ ಒಂಟಿ ಹೊತ್ತಿಗೆ ತಂಗಿಗೆ ಫೋನ್ ಮಾಡ್ತೀನಿ ಅಂತ ಅವರೇ ಆರಿಸ್ಕೊಂಡ್ರು, ಪಾತ್ರೆ ತೊಳೆಯೋದು ಅವತ್ತು ಗಂಡನ ಪಾಲು.

ನಾನು ಒತ್ತಿ ಒತ್ತಿ ಹೇಳಿದ್ದು ಇದನ್ನ: ಜಾಸ್ತಿ ತಿಂದುಬಿಟ್ರೂ ಮಾರನೇ ದಿನ ಶಿಕ್ಷೆ ಕೊಟ್ಕೋಬೇಡಿ, ಮಾಮೂಲಿ ತಿಂಡಿ ಮಾಮೂಲಿ ಟೈಮಿಗೆ ತಿನ್ನಿ.

ಹೀಗೆ ಕಂಟ್ರೋಲ್ ತಪ್ಪಿ ತಿನ್ನೋದು ವಾರಕ್ಕೆ ಒಂದ್ಸಲನಾದ್ರೂ ಮೂರು ತಿಂಗಳು ನಡೀತಿದ್ರೆ, ಅಥವಾ ತಿಂದು ಬೇಕಂತಲೇ ವಾಂತಿ ಮಾಡ್ಕೊಳ್ತಿದ್ರೆ ಸೈಕಿಯಾಟ್ರಿಸ್ಟ್‌ನ ನೋಡಲೇಬೇಕು, ಅದಕ್ಕೆ ಚಿಕಿತ್ಸೆ ಇದೆ. ಎಲ್ಲಿಗೆ ಹೋಗೋದು ಗೊತ್ತಾಗದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡೋ ಹಾಗಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಇವರದ್ದು ಅಷ್ಟು ದೂರ ಹೋಗಿರ್ಲಿಲ್ಲ.

ದೀಪಾವಳಿ ಆದ್ಮೇಲೆ ಬಂದಿದ್ರು. ನರಕ ಚತುರ್ದಶಿ ದಿನ ಚೆನ್ನಾಗೇ ಹೋಯ್ತಂತೆ, ಅಮಾವಾಸ್ಯೆ ರಾತ್ರಿ ಮಾತ್ರ ಕಜ್ಜಾಯ ಕೈ ಮೀರಿದೆ. ಆದ್ರೆ ಪಾಡ್ಯದ ಬೆಳಗ್ಗೆ ಎಲ್ಲರ ಜೊತೆ ಕೂತು ಇಡ್ಲಿ ತಿಂದಿದ್ದಾರೆ, ಅವತ್ತು ರಾತ್ರಿ ಡಬ್ಬದ ಹತ್ರ ಹೋಗಿಲ್ಲ. ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿ ತೋರಿಸೋದ್ರಿಂದ ಸಂಕ್ರಾಂತಿ ಕಳೆದ ಮೇಲೆ ಟೆಸ್ಟ್ ಮಾಡ್ಸಿ ಬನ್ನಿ ಅಂದಿದ್ದೀನಿ.