ಲಂಡನ್‌ನ ಬಸ್-ರೈಲಿನಲ್ಲಿ ದಿನದ ಮಿತಿ 8.90 ಪೌಂಡ್, ಎಷ್ಟೇ ಓಡಾಡಿದರೂ ಅದಕ್ಕಿಂತ ಜಾಸ್ತಿ ಹೋಗಲ್ಲ ಅಂತಾರೆ, ನನಗೆ 9.80 ಯಾಕೆ ಕಟ್ ಆಯ್ತು?

ನಿಮ್ಮ ಪ್ರಶ್ನೆ ಓದಿದ ತಕ್ಷಣ ಬರೆಯೋಣ ಅನ್ನಿಸಿತು. ನೀವು ವೈಟ್‌ಚಾಪೆಲ್ ಹತ್ತಿರ ಇದ್ದೀರಿ. ಬೆಳಗ್ಗೆ ಮತ್ತು ಮಧ್ಯಾಹ್ನ ಬ್ಯಾಂಕ್ ಕಾರ್ಡ್ ಟ್ಯಾಪ್ ಮಾಡಿದಿರಿ, ಸಂಜೆ ಫೋನ್ ಟ್ಯಾಪ್ ಮಾಡಿದಿರಿ. ಎರಡಕ್ಕೂ ಒಂದೇ ಬ್ಯಾಂಕ್ ಅಕೌಂಟ್. ಆದರೂ ಮಿತಿಗಿಂತ ಜಾಸ್ತಿ ಹೋಯಿತು. ಮುಂದಿನ ಗುರುವಾರ ಅಪ್ಪ-ಅಮ್ಮ ಎರಡು ವಾರಕ್ಕೆ ಬರುತ್ತಿದ್ದಾರೆ, ಅವರಿಗೆ ಏನು ಮಾಡಲಿ ಅಂತಲೂ ಕೇಳಿದ್ದೀರಿ.

ಲೆಕ್ಕದಲ್ಲಿ ತಪ್ಪಾಗಿಲ್ಲ. ಮಿತಿ ಇರುವುದು ನಿಮಗಲ್ಲ, ನಿಮ್ಮ ಅಕೌಂಟಿಗೂ ಅಲ್ಲ, ನೀವು ಟ್ಯಾಪ್ ಮಾಡುವ ವಸ್ತುವಿಗೆ. ಕಾರ್ಡನ್ನು ಫೋನಿಗೆ ಸೇರಿಸಿದಾಗ ಫೋನಿಗೆ ಅದರದ್ದೇ ಬೇರೆ ನಂಬರ್ ಸಿಗುತ್ತದೆ. ಹಳದಿ ರೀಡರ್‌ಗೆ, ಅಂದರೆ ನೀವು ಟ್ಯಾಪ್ ಮಾಡುವ ಯಂತ್ರಕ್ಕೆ, ಕಾಣುವುದು ಆ ನಂಬರ್ ಮಾತ್ರ. ಹಾಗಾಗಿ ಆ ದಿನ ಅದರ ಕಣ್ಣಿಗೆ ನೀವು ಇಬ್ಬರು ಬೇರೆ ಬೇರೆ ಪ್ರಯಾಣಿಕರು. ಕೈಗಡಿಯಾರದಿಂದ ಟ್ಯಾಪ್ ಮಾಡಿದ್ದರೆ ಮೂರನೆಯವರು ಆಗುತ್ತಿದ್ದರು.

ನಿಮ್ಮ ದಿನವನ್ನೇ ಲೆಕ್ಕ ಹಾಕೋಣ. ಇಲ್ಲಿ ಹೇಳುವ ದರ, ಮಿತಿಗಳೆಲ್ಲ 2025ರ ಮಾರ್ಚ್‌ನಲ್ಲಿ ಬಂದವು, ಆಮೇಲೆ ಬದಲಾಗಿರಬಹುದು, ಒಮ್ಮೆ ನೋಡಿಕೊಳ್ಳಿ. ಬೆಳಗ್ಗೆ ಎಂಟೂವರೆಗೆ ವೈಟ್‌ಚಾಪೆಲ್‌ನಿಂದ ವೆಸ್ಟ್‌ಮಿನ್‌ಸ್ಟರ್‌ಗೆ 3.50 ಪೌಂಡ್. ದರಕ್ಕಾಗಿ ಊರನ್ನು ಝೋನ್‌ಗಳಾಗಿ ಹಂಚಿದ್ದಾರೆ, ನಟ್ಟನಡುವಿನದು ಒಂದನೆಯದು. ಇದು ಎರಡನೇ ಝೋನ್‌ನಿಂದ ಒಂದನೇ ಝೋನ್‌ಗೆ, ಅದೂ ಪೀಕ್ ಹೊತ್ತಿನಲ್ಲಿ, ಅಂದರೆ ಜನದಟ್ಟಣೆಯ, ದರ ಜಾಸ್ತಿ ಇರುವ ಹೊತ್ತಿನಲ್ಲಿ. ಮಧ್ಯಾಹ್ನ ವೆಸ್ಟ್‌ಮಿನ್‌ಸ್ಟರ್‌ನಿಂದ ಸೌತ್ ಕೆನ್ಸಿಂಗ್‌ಟನ್‌ಗೆ 2.80. ಅಲ್ಲಿಗೆ 6.30 ಆಯಿತು. ಸಂಜೆ ಐದಕ್ಕೆ ವಾಪಸ್ ಮನೆಗೆ, ಮತ್ತೆ ಪೀಕ್, 3.50. ಮೂರೂ ಸಲ ಕಾರ್ಡನ್ನೇ ಟ್ಯಾಪ್ ಮಾಡಿದ್ದರೆ ಕೊನೆಯ ಪ್ರಯಾಣಕ್ಕೆ 2.60 ಮಾತ್ರ ಹೋಗುತ್ತಿತ್ತು, ಈ ಎರಡು ಝೋನ್‌ಗಳ ಮಿತಿಯಾದ 8.90ಕ್ಕೆ ನಿಲ್ಲುತ್ತಿತ್ತು. ರಾತ್ರಿ ಊಟ ಮುಗಿಸಿ ಬಸ್ ಹತ್ತಿದ್ದರೂ ಮತ್ತೆ ದುಡ್ಡಿಲ್ಲ. ನೀವು ಸಂಜೆ ಫೋನ್ ತೆಗೆದಿದ್ದರಿಂದ ಕಾರ್ಡ್ 6.30ರಲ್ಲಿ ನಿಂತಿತು, ಫೋನ್ 3.50ರಿಂದ ಹೊಸದಾಗಿ ಶುರುಮಾಡಿತು. ಎರಡೂ ಮಿತಿ ಮುಟ್ಟಲಿಲ್ಲ.

ಗೇಟ್ ತೆರೆಯುವ ಆ ಅರೆಕ್ಷಣದಲ್ಲಿ ಯಂತ್ರಕ್ಕೆ ನಿಮ್ಮ ದರ ಎಷ್ಟು ಅಂತ ಗೊತ್ತೇ ಇರುವುದಿಲ್ಲ. ಬ್ಯಾಂಕ್ ಕಾರ್ಡ್ ಆದರೆ, ಇದನ್ನು ಒಳಗೆ ಬಿಡಬಹುದಾ ಅಂತ ಮಾತ್ರ ನೋಡುತ್ತದೆ. ಬೆಳಗಿನ ಜಾವ 4.30ರಿಂದ ಮರುದಿನ 4.29ರವರೆಗೆ ಒಂದು ದಿನ. ಅಷ್ಟರಲ್ಲಿ ಆ ನಂಬರ್ ಎಲ್ಲೆಲ್ಲಿ ಒಳಗೆ ಹೋಯಿತು, ಎಲ್ಲಿ ಹೊರಗೆ ಬಂತು ಅಂತ ರಾತ್ರಿ ಕೂಡಿಸಿ, ಮಿತಿ ಹಾಕಿ, ಒಂದೇ ಮೊತ್ತವಾಗಿ ಬ್ಯಾಂಕಿಗೆ ಕಳಿಸುತ್ತಾರೆ. ಸ್ಟೇಟ್‌ಮೆಂಟಿನಲ್ಲಿ ದಿನಕ್ಕೆ ಒಂದೇ ಸಾಲು ಕಾಣುವುದು ಅದಕ್ಕೇ.

ಈ ಮಿತಿಯ ಬಗ್ಗೆ ನನಗೆ ನಿಜವಾಗಿಯೂ ಗೌರವ ಇದೆ. ಬೆಂಗಳೂರಿನಲ್ಲಿ ಬಿಎಂಟಿಸಿ ಡೇ ಪಾಸ್ ತೆಗೆದುಕೊಳ್ಳುವಾಗ ದಿನ ಹೇಗೆ ಹೋಗುತ್ತದೆ ಅಂತ ಬೆಳಗ್ಗೆಯೇ ಊಹಿಸಬೇಕು. ಎರಡು ಬಸ್ ಹತ್ತಿ ಕೆಲಸ ಮುಗಿದುಬಿಟ್ಟರೆ ಪಾಸ್ ದಂಡ. ಇಲ್ಲಿ ಊಹಿಸಬೇಕಿಲ್ಲ. ಓಡಾಡಿದಷ್ಟು ಓಡಾಡಿ, ಪಾಸ್ ಅಗ್ಗ ಆಗುವ ಹಂತ ಬಂದಾಗ ತಾನೇ ಪಾಸ್ ಆಗುತ್ತದೆ. ವಾರದ ಪಾಸಿಗೆ ಸೋಮವಾರವೇ 44.70 ಪೌಂಡ್ ಒಟ್ಟಿಗೆ ಎತ್ತಿಡಲು ಎಲ್ಲರಿಂದಲೂ ಆಗುವುದಿಲ್ಲ, ಅಲ್ವಾ? ಅಂಥವರಿಗೂ ಅದೇ ರಿಯಾಯಿತಿ ಸಿಗುತ್ತದೆ. ಬೆಳಗಿನ ಐದರ ಬಸ್ಸಿನಲ್ಲಿ ಕ್ಲೀನಿಂಗ್ ಕೆಲಸಕ್ಕೆ ಹೋಗುವವರನ್ನು ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಇನ್ನು ಅಪ್ಪ-ಅಮ್ಮನ ವಿಷಯ. ಒಬ್ಬೊಬ್ಬರಿಗೆ ಒಂದೊಂದು ಆಯ್ಸ್ಟರ್ ಕಾರ್ಡ್, ಅಂದರೆ ಮೊದಲೇ ಹಣ ತುಂಬಿ ಬಳಸುವ ಲಂಡನ್ ಪ್ರಯಾಣದ ಕಾರ್ಡ್, ತೆಗೆದುಕೊಡಿ. ಒಂದೇ ಕಾರ್ಡಿನಲ್ಲಿ ಇಬ್ಬರೂ ಹೋಗಲು ಆಗುವುದಿಲ್ಲ. ಭಾರತದ ಕಾರ್ಡ್ ಟ್ಯಾಪ್ ಮಾಡಿದರೆ ಅಲ್ಲಿನ ಬ್ಯಾಂಕ್ ಫಾರೆಕ್ಸ್ ಶುಲ್ಕ ಸೇರಿಸಬಹುದು. ಮಿತಿ ಎರಡರಲ್ಲೂ ಒಂದೇ. ಅರವತ್ತು ದಾಟಿದವರಿಗೆ ಕೊಡುವ ಉಚಿತ ಪ್ರಯಾಣದ ಕಾರ್ಡ್ ಲಂಡನ್ ನಿವಾಸಿಗಳಿಗೆ ಮಾತ್ರ, ಅದಕ್ಕಾಗಿ ಸುಮ್ನೆ ಅಲೆಯಬೇಡಿ. ಆಯ್ಸ್ಟರ್‌ನಲ್ಲಿ ಉಳಿದ ಹಣಕ್ಕೆ ಅವಧಿ ಮುಗಿಯುವುದಿಲ್ಲ, ಮುಂದಿನ ಸಲ ಬಂದಾಗಲೂ ನಡೆಯುತ್ತದೆ.

ಅವರಿಗೆ ಒಂದು ವಿಷಯ ಮಾತ್ರ ಕೈ ಹಿಡಿದು ತೋರಿಸಿ. ಟ್ಯೂಬ್ (ಲಂಡನ್ ಮೆಟ್ರೋ) ಮತ್ತು ರೈಲಿನಲ್ಲಿ ಹತ್ತುವಾಗಲೂ ಟ್ಯಾಪ್, ಇಳಿದ ಮೇಲೂ ಟ್ಯಾಪ್. ಬಸ್ಸಿನಲ್ಲಿ ಹತ್ತುವಾಗ ಮಾತ್ರ. ನಮ್ಮ ಅಪ್ಪನನ್ನು ಗ್ರೀನಿಚ್‌ಗೆ ಕರೆದುಕೊಂಡು ಹೋಗಿದ್ದೆ. ಡಿಎಲ್‌ಆರ್ ರೈಲಿನ ಕಟಿ ಸಾರ್ಕ್ ನಿಲ್ದಾಣದಲ್ಲಿ ಗೇಟ್ ಇಲ್ಲ, ರೀಡರ್ ಮಾತ್ರ ಇದೆ. ಮುಂದೆ ಒಂದು ಶಾಲೆಯ ಮಕ್ಕಳ ಗುಂಪು ಹೋಗುತ್ತಿತ್ತು. ಅಪ್ಪ ಅವರಿಗೆ ದಾರಿ ಬಿಟ್ಟು, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಕಾರ್ಡ್ ಹಿಡಿದುಕೊಂಡೇ ರೀಡರ್ ದಾಟಿ ಬಂದುಬಿಟ್ಟರು. ತಡೆಯಲು ಏನೂ ಇರಲಿಲ್ಲವಲ್ಲ. ನಾನೂ ಗಮನಿಸಲಿಲ್ಲ. ಮರುದಿನ ಟಾಪ್-ಅಪ್ ಮಾಡಲು ಹೋದಾಗ ಬ್ಯಾಲೆನ್ಸ್ ಅಂದುಕೊಂಡಿದ್ದಕ್ಕಿಂತ ಕಡಿಮೆ ಇತ್ತು.

ಆಗಿದ್ದು ಇಷ್ಟು. ಒಳಗೆ ಟ್ಯಾಪ್ ಮಾಡಿದಾಗ ಆಯ್ಸ್ಟರ್‌ನಿಂದ ದೊಡ್ಡ ಮೊತ್ತವೊಂದನ್ನು ಹಿಡಿದಿಡುತ್ತಾರೆ, ಅಡ್ವಾನ್ಸ್ ಇದ್ದ ಹಾಗೆ. ಹೊರಗೆ ಟ್ಯಾಪ್ ಮಾಡಿದಾಗ ನಿಜವಾದ ದರ ಮುರಿದುಕೊಂಡು ಉಳಿದದ್ದನ್ನು ವಾಪಸ್ ಹಾಕುತ್ತಾರೆ. ಹೊರಗಿನ ಟ್ಯಾಪ್ ಇಲ್ಲದಿದ್ದರೆ ಅಷ್ಟೂ ಹೋಯಿತು. ಅದಕ್ಕಿಂತ ಬೇಜಾರಿನ ಸಂಗತಿ, ಆ ಮೊತ್ತ ದಿನದ ಮಿತಿಯ ಲೆಕ್ಕಕ್ಕೆ ಸೇರುವುದಿಲ್ಲ. ಕಾರ್ಡ್ ನೋಂದಣಿ ಮಾಡಿಸಿದ್ದೆ, ಹಾಗಾಗಿ ಆನ್‌ಲೈನ್‌ನಲ್ಲಿ ಪ್ರಯಾಣದ ಪಟ್ಟಿ ತೆಗೆದು, ಎಲ್ಲಿ ಇಳಿದರು ಅಂತ ತಿಳಿಸಿ ಹಣ ವಾಪಸ್ ಪಡೆದೆ. ನೀವೂ ಮೊದಲ ದಿನವೇ ಎರಡೂ ಕಾರ್ಡ್ ನೋಂದಾಯಿಸಿಬಿಡಿ. ಪಟ್ಟಿಯಲ್ಲಿ ಅರ್ಧ ಪ್ರಯಾಣ ಕಂಡರೆ ತಡಮಾಡದೆ ಕೇಳಿ. ನಿಮ್ಮ ಆ 90 ಪೆನ್ಸ್ ಮಾತ್ರ ಬರುವುದಿಲ್ಲ, ಅಲ್ಲಿ ಎಲ್ಲ ಟ್ಯಾಪ್‌ಗಳೂ ಸರಿಯಾಗಿಯೇ ಇವೆ.

ರೈಲು ಬದಲಿಸುವ ಕೆಲವು ನಿಲ್ದಾಣಗಳಲ್ಲಿ ಗುಲಾಬಿ ಬಣ್ಣದ ರೀಡರ್ ಇರುತ್ತದೆ, ವೈಟ್‌ಚಾಪೆಲ್‌ನಲ್ಲೂ ಇದೆ. ಒಂದನೇ ಝೋನ್ ಮುಟ್ಟದೆ ಸುತ್ತಿ ಬಂದಿರಿ ಅಂತ ಸಾಕ್ಷಿ ಹೇಳುವುದು ಅದು. ಅಂಥ ದಾರಿಯಲ್ಲಿ ರೈಲು ಬದಲಿಸಿದಾಗ ಮುಟ್ಟಿಸಿ, ದರ ಇಳಿಯುತ್ತದೆ.

ಕೊನೆಗೆ ಅವರು ಬರುವ ದಿನದ ಮಾತು. ವಾರದ ಮಿತಿ ಸೋಮವಾರದಿಂದ ಭಾನುವಾರಕ್ಕೆ. ಗುರುವಾರ ಬಂದಿಳಿದರೆ ಆ ವಾರದಲ್ಲಿ ನಾಲ್ಕೇ ದಿನ, ವಾರದ ಮಿತಿ ಮುಟ್ಟುವುದು ಕಷ್ಟ. ಆ ನಾಲ್ಕು ದಿನ ಬಸ್ಸಿನಲ್ಲೇ ಊರು ತೋರಿಸಿ, ಮಹಡಿ ಬಸ್ಸಿನ ಮುಂದಿನ ಸೀಟು ಅಮ್ಮನಿಗೆ ಇಷ್ಟವಾಗುತ್ತದೆ. ಒಂದು ಬಸ್ಸಿಗೆ 1.75. ಮೊದಲ ಟ್ಯಾಪ್‌ನಿಂದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಅಷ್ಟೇ. ಬಸ್ಸಿನಲ್ಲೇ ಇದ್ದರೆ ಇಡೀ ದಿನಕ್ಕೆ 5.25 ದಾಟುವುದಿಲ್ಲ. ಟ್ಯೂಬ್ ಬೇಕಾದ ಓಡಾಟಗಳನ್ನೆಲ್ಲ ಸೋಮವಾರದ ನಂತರ ಇಟ್ಟುಕೊಳ್ಳಿ, ಬೆಳಗಿನ ಪೀಕ್ ತಪ್ಪಿಸಲು ಮನೆಯಿಂದ ಒಂಬತ್ತೂವರೆ ಕಳೆದ ಮೇಲೆ ಹೊರಡಿ.