ಯಾರಾದರೂ ತನ್ನನ್ನು ಗಮನಿಸಲಿ ಎಂದು ಹಂಬಲಿಸುವ ಹದಿಹರೆಯದ ಪಾತ್ರವನ್ನು ನಂಬುವಂತೆ ಬರೆಯುವುದು ಹೇಗೆ?

"ಅವಳಿಗೆ ಕೀಳರಿಮೆ ಇತ್ತು" ಎಂದು ಬರೆದ ಕೂಡಲೇ ಕಥೆ ಅರ್ಧ ಸತ್ತಂತೆ. ಆ ವಯಸ್ಸಿನಲ್ಲಿ ಯಾರೂ ನೋಡುತ್ತಿಲ್ಲ ಎಂಬ ಕೊರಗು ಎಷ್ಟಿರುತ್ತದೋ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎಂಬ ಭಯವೂ ಅಷ್ಟೇ ಇರುತ್ತದೆ. ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕೈಂಡ್ 1967ರಲ್ಲಿ ಈ ಭಯದ ಮೂಲವನ್ನು 'ಕಾಲ್ಪನಿಕ ಪ್ರೇಕ್ಷಕರು' ಎಂದು ಕರೆದರು. ಕೊರಗು, ಭಯ ಎರಡೂ ಒಂದೇ ದೃಶ್ಯದಲ್ಲಿ ಡಿಕ್ಕಿ ಹೊಡೆಯಬೇಕು.

ಒಂಬತ್ತನೇ ತರಗತಿಯ ಹುಡುಗಿ ಎಂದುಕೊಳ್ಳಿ. ಹಾಜರಿ ಕೂಗುವಾಗ 'ಪ್ರೆಸೆಂಟ್ ಮಿಸ್' ಎಂದು ಮನಸ್ಸಲ್ಲೇ ಎರಡು ಸಲ ಹೇಳಿಕೊಳ್ಳುತ್ತಾಳೆ. ಸರದಿ ಬಂದಾಗ ದನಿ ಕೀರಲಾಗುತ್ತದೆ. ಹಿಂದಿನ ಬೆಂಚಿನಲ್ಲಿ ಒಂದು ಚೀಟಿ ಕೈಯಿಂದ ಕೈಗೆ ಹೋಗುತ್ತಿದೆ, ಯಾರೋ ನಗುತ್ತಾರೆ. ನಕ್ಕಿದ್ದು ಚೀಟಿಗೆ. ಅದು ಓದುಗರಿಗೆ ಗೊತ್ತಾಗಬೇಕು, ಅವಳಿಗಲ್ಲ. 'ನಾನು' ಎಂಬ ನಿರೂಪಣೆ ಇದಕ್ಕೆ ಹೊಂದುತ್ತದೆ. ಆದರೆ ಮೂವತ್ತು ವರ್ಷದ ಮೇಲೆ ನೆನಪಿಸಿಕೊಳ್ಳುವ ದನಿ ನುಸುಳಿದರೆ ಅದು ದೊಡ್ಡವರ ಕಥೆಯಾಗಿಬಿಡುತ್ತದೆ.

ಬಹಳ ಮಂದಿ ಎಡವುವುದು ಕೊನೆಯಲ್ಲಿ. ಅವಳು ಕನ್ನಡಕ ತೆಗೆದು ಜಡೆ ಬಿಚ್ಚಿದೊಡನೆ ಅವಳು ಮೆಚ್ಚಿದ ಹುಡುಗ ತಿರುಗಿ ನೋಡುತ್ತಾನೆ (ಅದನ್ನು ಸಿನಿಮಾದವರಿಗೆ ಬಿಡಿ). ಅಲ್ಲಿಗೆ ಅವಳ ಬೆಲೆ ಮತ್ತೆ ನೋಡುವವರ ಕೈಗೇ ಹೋಯಿತು. ಬದಲಿಗೆ, ದಿನವೂ ಒಂಟಿಯಾಗಿ ಟಿಫಿನ್ ಡಬ್ಬಿ ಬಿಚ್ಚುವ ಸಹಪಾಠಿಯನ್ನು ಅವಳೇ ಗಮನಿಸಲಿ. ಟೀಚರೋ ಅಜ್ಜಿಯೋ ಬುದ್ಧಿ ಹೇಳುವ ಪುಟವಿದ್ದರೆ ಹೊಡೆದುಹಾಕಿ. ಮಕ್ಕಳು ಹೇಗೂ ಅದನ್ನು ಹಾರಿಸಿಯೇ ಓದುತ್ತಾರೆ.