ಲಿಂಕ್ಡ್‌ಇನ್‌ನಲ್ಲಿ ನನ್ನ ಪ್ರೊಫೈಲ್ ಯಾರ ಕಣ್ಣಿಗೂ ಬೀಳುತ್ತಿಲ್ಲ. ಅದು ಐಟಿಯವರಿಗೆ ಮಾತ್ರವಾ?

ಖಂಡಿತ ಅಲ್ಲ. ನೀವು ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿದ್ದೀರಿ. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ (ಲೋಹ ಕರಗಿಸಿ ಅಚ್ಚಿಗೆ ಹೊಯ್ಯುವ ಕಾರ್ಖಾನೆ) ಕೆಲವು ವರ್ಷಗಳಿಂದ ಕ್ವಾಲಿಟಿ ವಿಭಾಗದಲ್ಲಿದ್ದೀರಿ. ಖಾತೆ ಇದ್ದರೂ ಒಬ್ಬ ರಿಕ್ರೂಟರ್ ಕೂಡ ಮಾತಾಡಿಸಿಲ್ಲ ಎಂದು ಬರೆದಿದ್ದೀರಿ. ನಾನು ಬೆಂಗಳೂರಿನ ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಕಂಪನಿಗೆ ಜನರನ್ನು ಹುಡುಕುವ ಕೆಲಸದಲ್ಲಿದ್ದೇನೆ. ಕಾಸ್ಟಿಂಗ್, ಅಂದರೆ ಎರಕದ ಕೆಲಸ, ಗೊತ್ತಿರುವ ಕ್ವಾಲಿಟಿಯವರು ನಮಗೆ ಬೇಕೇ ಬೇಕು. ಅಂಥವರು ಬೆಳಗಾವಿಯಲ್ಲಿ ಇದ್ದಾರೆ ಎಂಬುದೂ ಗೊತ್ತು. ಆದರೂ ಹುಡುಕಿದಾಗ ಸಿಗುವುದಿಲ್ಲ, ಯಾಕೆಂದರೆ ಅವರು ಮಾಡುವ ಕೆಲಸ ಅವರ ಪ್ರೊಫೈಲ್‌ನಲ್ಲಿ ಇರುವುದೇ ಇಲ್ಲ.

ನಾವು ಹೇಗೆ ಹುಡುಕುತ್ತೇವೆ ಎಂದು ಮೊದಲು ಹೇಳುತ್ತೇನೆ. ಹುದ್ದೆಯ ಹೆಸರು, ಬೇಕಾದ ಕೌಶಲ, ಊರು, ಅನುಭವ ಇಷ್ಟನ್ನು ಹಾಕುತ್ತೇವೆ. 'ಕ್ವಾಲಿಟಿ ಇಂಜಿನಿಯರ್', 'ಎಸ್‌ಜಿ ಐರನ್' (ಒಂದು ಬಗೆಯ ಎರಕದ ಕಬ್ಬಿಣ), 'ಪಿಪಿಎಪಿ' (ಬಿಡಿಭಾಗಕ್ಕೆ ಕಸ್ಟಮರ್ ಒಪ್ಪಿಗೆ ಪಡೆಯುವ ಕ್ರಮ), 'ಸ್ಪೆಕ್ಟ್ರೋಮೀಟರ್' (ಲೋಹದಲ್ಲಿ ಏನೇನು ಎಷ್ಟಿದೆ ಎಂದು ಅಳೆಯುವ ಯಂತ್ರ) ಇಂಥ ಪದಗಳು. 'ಹಾರ್ಡ್ ವರ್ಕಿಂಗ್' ಎಂದು ಯಾರೂ ಹುಡುಕುವುದಿಲ್ಲ. ಬಂದ ಪಟ್ಟಿಯಲ್ಲಿ ಒಬ್ಬೊಬ್ಬರದು ಫೋಟೋ, ಹೆಸರು, ಹೆಡ್‌ಲೈನ್ (ಹೆಸರಿನ ಕೆಳಗಿನ ಸಾಲು), ಈಗಿನ ಕೆಲಸ ಕಾಣುತ್ತದೆ. ಅದನ್ನು ನೋಡಿಯೇ ಯಾರ ಪ್ರೊಫೈಲ್ ತೆರೆಯಬೇಕು ಎಂದು ತೀರ್ಮಾನಿಸುತ್ತೇವೆ.

ಹಾಗಾಗಿ ಮೊದಲು ಹೆಡ್‌ಲೈನ್ ಸರಿ ಮಾಡಿ. ಅಲ್ಲಿ 220 ಅಕ್ಷರಗಳಿಗೆ ಜಾಗವಿದೆ. ನೀವು ಏನೂ ಬರೆಯದಿದ್ದರೆ ಹುದ್ದೆ ಮತ್ತು ಕಂಪನಿ ಹೆಸರು ತಾನಾಗಿ ಬಂದು ಕೂರುತ್ತದೆ. ನಮ್ಮ ಕಾರ್ಖಾನೆಗಳಲ್ಲಿ ಹುದ್ದೆಯ ಹೆಸರುಗಳು ವಿಚಿತ್ರವಾಗಿರುತ್ತವೆ. 'ಸೀನಿಯರ್ ಅಸೋಸಿಯೇಟ್, ಗ್ರೇಡ್ 2' ಎಂದರೆ ಹೊರಗಿನವರಿಗೆ ಏನು ಗೊತ್ತಾಗಬೇಕು? ಹುದ್ದೆ ಇದ್ದದ್ದು ಇದ್ದ ಹಾಗೇ ಇರಲಿ, ಅದನ್ನು ದೊಡ್ಡದು ಮಾಡಬೇಡಿ. ಹೆಡ್‌ಲೈನ್‌ನಲ್ಲಿ ಮಾತ್ರ ಕೆಲಸವನ್ನೇ ಬರೆಯಿರಿ: 'ಕಾಸ್ಟಿಂಗ್ ಕ್ವಾಲಿಟಿ, ಗ್ರೇ ಐರನ್ ಮತ್ತು ಎಸ್‌ಜಿ ಐರನ್, ಡಿಫೆಕ್ಟ್ ಅನಾಲಿಸಿಸ್, ಐಎಟಿಎಫ್ 16949, ಬೆಳಗಾವಿ'. (ಐಎಟಿಎಫ್ 16949 ಎಂದರೆ ವಾಹನ ಉದ್ಯಮದ ಗುಣಮಟ್ಟದ ಮಾನದಂಡ.) ಇಂಗ್ಲಿಷಿನಲ್ಲಿ ಇಷ್ಟು ಹಾಕಿದರೂ ಸಾಕು, ನನ್ನಂಥವರ ಕಣ್ಣು ಅಲ್ಲಿ ನಿಲ್ಲುತ್ತದೆ.

ಇನ್ನು ಅನುಭವದ ಭಾಗ. ನಮ್ಮ ಕಡೆಯ ಹುಡುಗರು ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ಕಂಪನಿ ಹೆಸರು, ಸೇರಿದ ತಿಂಗಳು, ಅಷ್ಟೇ. ಕೆಳಗೆ ಖಾಲಿ. ಇಲ್ಲದಿದ್ದರೆ ಎಲ್ಲಿಂದಲೋ ತಂದು ಹಾಕಿದ ಇಂಗ್ಲಿಷ್ ಪ್ಯಾರಾ, ಅದರಲ್ಲಿ 'ಡೈನಾಮಿಕ್', 'ರಿಸಲ್ಟ್ ಓರಿಯೆಂಟೆಡ್'. ಅದನ್ನು ಓದಿದರೆ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ನೀವು ಬೆಳಿಗ್ಗೆ ಶಿಫ್ಟ್‌ಗೆ ಹೋದ ಮೇಲೆ ಏನು ಮಾಡುತ್ತೀರಿ? ಮೆಲ್ಟ್ ಸ್ಯಾಂಪಲ್ ತೆಗೆದು ಸ್ಪೆಕ್ಟ್ರೋಮೀಟರ್‌ನಲ್ಲಿ ಕೆಮಿಸ್ಟ್ರಿ ನೋಡುತ್ತೀರಾ? ಬ್ರಿನೆಲ್ ಹಾರ್ಡ್‌ನೆಸ್ (ಲೋಹದ ಗಡಸುತನದ ಅಳತೆ) ತೆಗೆಯುತ್ತೀರಾ? ಮೈಕ್ರೋಸ್ಕೋಪ್‌ನಲ್ಲಿ ನಾಡ್ಯುಲಾರಿಟಿ (ಕಬ್ಬಿಣದೊಳಗಿನ ಗ್ರಾಫೈಟ್ ಎಷ್ಟು ಗುಂಡಗಿದೆ ಎಂಬುದು) ನೋಡುತ್ತೀರಾ? ಬ್ಲೋ ಹೋಲ್ (ಗ್ಯಾಸ್‌ನಿಂದಾದ ತೂತು), ಶ್ರಿಂಕೇಜ್ (ಲೋಹ ಕುಗ್ಗಿ ಆದ ಟೊಳ್ಳು), ಸ್ಯಾಂಡ್ ಇನ್‌ಕ್ಲೂಷನ್ (ಒಳಗೆ ಸಿಕ್ಕಿಕೊಂಡ ಮರಳು) ಬಂದಾಗ ಕಾರಣ ಹುಡುಕಲು ಮೌಲ್ಡಿಂಗ್‌ನವರ ಜೊತೆ ನೀವೂ ಕೂರುತ್ತೀರಾ? ಕಸ್ಟಮರ್ ಆಡಿಟ್ ಬಂದಾಗ ಮುಂದೆ ನಿಲ್ಲುವುದು ಯಾರು? ಇದನ್ನೆಲ್ಲ ಬರೆಯಿರಿ. ಇದೇ ನಿಮ್ಮ ಕೆಲಸ, ಅಲ್ವಾ?

ಇಂಗ್ಲಿಷ್ ಬಗ್ಗೆ ಅಳುಕು ಇದ್ದರೆ ಹೀಗೆ ಮಾಡಿ. ಕೆಲಸ ಕಲಿಯಲು ಹೊಸದಾಗಿ ಬಂದವರಿಗೆ ನಿಮ್ಮ ಕೆಲಸವನ್ನು ಹೇಗೆ ವಿವರಿಸುತ್ತೀರೋ ಹಾಗೆ ಮೊದಲು ಕನ್ನಡದಲ್ಲೇ ಬರೆದುಕೊಳ್ಳಿ. ಆಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಮಾಡಿ. ಸರಳ ಇಂಗ್ಲಿಷಿಗೆ ಯಾರೂ ಅಂಕ ಕಡಿಮೆ ಮಾಡುವುದಿಲ್ಲ. ನಿಮ್ಮ ಕೆಲಸದಿಂದ ರಿಜೆಕ್ಷನ್ ಕಡಿಮೆಯಾಗಿದ್ದರೆ ಎಷ್ಟರಿಂದ ಎಷ್ಟಕ್ಕೆ ಎಂದು ಹೇಳಿ. ಆ ಅಂಕಿ ಹೊರಗೆ ಹೇಳಬಾರದ್ದಾಗಿದ್ದರೆ ಬಿಡಿ, ಯಾವ ಡಿಫೆಕ್ಟ್ ಮೇಲೆ ಕೆಲಸ ಮಾಡಿದಿರಿ ಎಂದಷ್ಟೇ ಹೇಳಿದರೂ ಆಯ್ತು. ಸಂದರ್ಶನದಲ್ಲಿ ವಿವರಿಸಲು ಆಗದ ಸಂಖ್ಯೆಯನ್ನು ಮಾತ್ರ ಹಾಕಬೇಡಿ.

'ಅಬೌಟ್' ಭಾಗಕ್ಕೆ 2,600 ಅಕ್ಷರ ಸಿಗುತ್ತದೆ, ಆದರೆ ತುಂಬಿಸಲೇಬೇಕು ಎಂದೇನಿಲ್ಲ. ಮೊದಲ ಕೆಲವು ಸಾಲು ಮಾತ್ರ ನೇರವಾಗಿ ಕಾಣುತ್ತವೆ, ಉಳಿದದ್ದು ಒತ್ತಿದರೆ ಮಾತ್ರ. ಹಾಗಾಗಿ ಮುಖ್ಯವಾದ ಮಾತು ಮೊದಲೇ ಬರಲಿ. ಫೋಟೋಗೆ ಸ್ಟುಡಿಯೋ ಬೇಡ. ಮುಖಕ್ಕೆ ಬೆಳಕು ಬೀಳುವ ಹಾಗೆ ಫೋನ್‌ನಲ್ಲಿ ತೆಗೆದರೆ ಸಾಕು.

ಈ ತಿದ್ದುಪಡಿ ಶುರು ಮಾಡುವ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೊಫೈಲ್ ಬದಲಾವಣೆಗಳನ್ನು ನೆಟ್‌ವರ್ಕ್‌ಗೆ ತಿಳಿಸುವ ಆಯ್ಕೆಯನ್ನು ಆಫ್ ಮಾಡಿ. ಉದ್ಯಮಬಾಗದಂಥ ಜಾಗದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಅದೇ ಕಾರಣಕ್ಕೆ ಕೆಲಸ ಹುಡುಕುತ್ತಿದ್ದೇನೆ ಎಂದು ಫೋಟೋ ಸುತ್ತ ತೋರಿಸುವ ಹಸಿರು ಬಣ್ಣದ 'ಓಪನ್ ಟು ವರ್ಕ್' ಚೌಕಟ್ಟನ್ನು ನೀವು ಹಾಕಬೇಡಿ ಎನ್ನುತ್ತೇನೆ. ಕೆಲಸ ಬಿಟ್ಟವರಿಗೆ ಅದು ಒಳ್ಳೆಯದೇ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕೆಲಸದಲ್ಲಿ ಇರುವವರು ರಿಕ್ರೂಟರ್‌ಗಳಿಗೆ ಮಾತ್ರ ಕಾಣುವ ಆಯ್ಕೆ ಇಟ್ಟುಕೊಳ್ಳಬಹುದು. ನಿಮ್ಮದೇ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣದ ಹಾಗೆ ಲಿಂಕ್ಡ್‌ಇನ್ ನೋಡಿಕೊಳ್ಳುತ್ತದೆ, ಆದರೆ ಪೂರ್ತಿ ಗುಟ್ಟಾಗಿರುತ್ತದೆ ಎಂಬ ಖಾತರಿ ಅವರೂ ಕೊಡುವುದಿಲ್ಲ. ಇದನ್ನು ತಿಳಿದೇ ಹೆಜ್ಜೆ ಇಡಿ.

ಪೋಸ್ಟ್ ಹಾಕಬೇಕಾ ಎಂದೂ ಕೇಳಿದ್ದೀರಿ. ದಿನಾ ಹಾಕುವ ಅಗತ್ಯ ಇಲ್ಲ. ಸುಮ್ನೆ ಸ್ಫೂರ್ತಿಯ ಮಾತುಗಳನ್ನು ಹಂಚುವುದಂತೂ ಬೇಡವೇ ಬೇಡ. ನಿಮ್ಮ ಕೈಗೆ ಬಂದ ಒಂದು ನಿಜವಾದ ಸಮಸ್ಯೆಯನ್ನು ಅಪರೂಪಕ್ಕೊಮ್ಮೆ ಬರೆಯಿರಿ. ಬೆಳಗಾವಿಯ ಮಳೆಗಾಲವನ್ನೇ ತೆಗೆದುಕೊಳ್ಳಿ. ಗಾಳಿಯಲ್ಲಿ ತೇವ ಜಾಸ್ತಿ. ತೆರೆದಿಟ್ಟ ಕೋರ್‌ಗಳು (ಎರಕದೊಳಗೆ ಟೊಳ್ಳು ಬರಲು ಅಚ್ಚಿನಲ್ಲಿ ಇಡುವ ಮರಳಿನ ತುಂಡುಗಳು) ತೇವ ಹೀರುತ್ತವೆ. ಗ್ರೀನ್ ಸ್ಯಾಂಡ್‌ನಲ್ಲಿ (ಅಚ್ಚು ಮಾಡುವ ತೇವದ ಮರಳು) ಮಾಯಿಶ್ಚರ್ ಮಿತಿ ದಾಟಿದರೆ, ಲೋಹ ಹೊಯ್ದಾಗ ಆವಿ ಮತ್ತು ಗ್ಯಾಸ್ ಹುಟ್ಟಿ ಹೊರಗೆ ಹೋಗಲು ದಾರಿ ಸಿಗದೆ ಬ್ಲೋ ಹೋಲ್ ಆಗುತ್ತದೆ. ನಿಮ್ಮ ಶಾಪ್‌ನಲ್ಲಿ ಇದನ್ನು ಹೇಗೆ ಕಂಡುಹಿಡಿದಿರಿ? ಮಾಯಿಶ್ಚರ್ ಟೆಸ್ಟ್ ಹೆಚ್ಚು ಸಲ ಮಾಡಿದಿರಾ, ಕೋರ್ ಇಡುವ ಜಾಗ ಬದಲಿಸಿದಿರಾ, ವೆಂಟಿಂಗ್ (ಗ್ಯಾಸ್ ಹೊರಹೋಗುವ ದಾರಿ) ತಿದ್ದಿದಿರಾ? ಇಷ್ಟನ್ನು ಹತ್ತು ಹನ್ನೆರಡು ಸಾಲಿನಲ್ಲಿ ಬರೆದರೆ ಕೊಲ್ಹಾಪುರ, ರಾಜಕೋಟ್, ಕೊಯಮತ್ತೂರಿನ ಫೌಂಡ್ರಿಯವರೂ ನಿಂತು ಓದುತ್ತಾರೆ, ಯಾಕೆಂದರೆ ಅವರಿಗೂ ಇದೇ ತಲೆನೋವು. ಕೆಲಸ ಬಲ್ಲವರು ಬರೆದದ್ದನ್ನು ಕೆಲಸ ಬಲ್ಲವರು ಗುರುತಿಸುತ್ತಾರೆ. ಲೈಕ್ ಐದೇ ಬಂದರೂ ಪರವಾಗಿಲ್ಲ, ಆ ಐವರು ಯಾರು ಎನ್ನುವುದು ಮುಖ್ಯ. ಕಸ್ಟಮರ್ ಹೆಸರು, ಡ್ರಾಯಿಂಗ್, ಪಾರ್ಟ್‌ನ ಫೋಟೋ ಮಾತ್ರ ಹಾಕಲೇಬಾರದು. ಕೆಲಸಕ್ಕೇ ಕುತ್ತು ಬರಬಹುದು.

ಸಂಪರ್ಕ ಬೆಳೆಸುವುದೂ ಹಾಗೇ. ಸಿಕ್ಕಸಿಕ್ಕವರಿಗೆ ರಿಕ್ವೆಸ್ಟ್ ಕಳಿಸಬೇಡಿ. ಆಡಿಟ್‌ಗೆ ಬಂದಿದ್ದ ಕಸ್ಟಮರ್ ಕಡೆಯ ಇಂಜಿನಿಯರ್, ಪಾಲಿಟೆಕ್ನಿಕ್‌ನ ಸೀನಿಯರ್‌ಗಳು, ಪಾಠ ಹೇಳಿದ ಮೇಷ್ಟ್ರು, ಸ್ಯಾಂಡ್ ಮತ್ತು ಬೈಂಡರ್ ಪೂರೈಸುವವರು, ಇವರಿಂದ ಶುರು ಮಾಡಿ. ಎಲ್ಲಿ ಭೇಟಿಯಾಗಿದ್ದಿರಿ ಎಂದು ಒಂದು ಸಾಲು ಸೇರಿಸಿ. ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಫೌಂಡ್ರಿಮೆನ್ ಎಂಬ ಸಂಸ್ಥೆ 1950ರಿಂದ ಇದೆ, ಅದಕ್ಕೆ ಬೆಳಗಾವಿಯಲ್ಲೂ ಶಾಖೆ ಇದೆ. ಅಲ್ಲಿನ ಕಾರ್ಯಕ್ರಮಗಳಿಗೆ ಹೋಗಿ. ಅಲ್ಲಿ ಮುಖ ಕಂಡವರು ಲಿಂಕ್ಡ್‌ಇನ್‌ನಲ್ಲಿ ನಿಮ್ಮನ್ನು ಬೇಗ ಗುರುತಿಸುತ್ತಾರೆ. ನಿಮ್ಮ ಕೆಲಸ ಕಣ್ಣಾರೆ ನೋಡಿದ ಹಳೆಯ ಮೇಲಧಿಕಾರಿ ಯಾರಾದರೂ ಇದ್ದರೆ ರೆಕಮೆಂಡೇಶನ್ ಕೇಳಿ. ಅಂಥವರು ಬರೆದ ನಾಲ್ಕು ಸಾಲು, ನೂರು ಜನ ಒತ್ತಿದ ಸ್ಕಿಲ್ ಎಂಡೋರ್ಸ್‌ಮೆಂಟ್‌ಗಿಂತ ನನಗೆ ಹೆಚ್ಚು.

ಪ್ರೊಫೈಲ್ ಕಾಣಲು ಶುರುವಾದರೆ ಮೋಸಗಾರರೂ ಬರುತ್ತಾರೆ. ರಿಜಿಸ್ಟ್ರೇಷನ್ ಫೀ, ಟ್ರೈನಿಂಗ್ ಡೆಪಾಸಿಟ್ ಎಂದು ಯಾರಾದರೂ ಹಣ ಕೇಳಿದರೆ ಅಲ್ಲೇ ಮಾತು ನಿಲ್ಲಿಸಿ. ನಮ್ಮ ಕೆಲಸದಲ್ಲಿ ಅಭ್ಯರ್ಥಿಯಿಂದ ಒಂದು ರೂಪಾಯಿಯನ್ನೂ ಕೇಳುವ ಹಾಗಿಲ್ಲ.

ಇನ್ನೊಂದು ವಿಷಯ, ಇದನ್ನು ಇವತ್ತೇ ನೋಡಿಬಿಡಿ. ಖಾತೆ ತೆರೆದದ್ದು ಕಂಪನಿಯ ಇಮೇಲ್‌ನಿಂದಲಾ? ಹಾಗಿದ್ದರೆ ನಿಮ್ಮ ಸ್ವಂತ ಇಮೇಲ್ ಮತ್ತು ಫೋನ್ ನಂಬರನ್ನು ಅದಕ್ಕೆ ಸೇರಿಸಿ, ಸ್ವಂತ ಇಮೇಲನ್ನೇ ಮುಖ್ಯ ವಿಳಾಸ ಮಾಡಿ. ಕೆಲಸ ಬಿಟ್ಟ ದಿನ ಕಂಪನಿಯ ಇಮೇಲ್ ಮುಚ್ಚಿಹೋಗುತ್ತದೆ. ಆಮೇಲೆ ಪಾಸ್‌ವರ್ಡ್ ಮರೆತರೆ ಖಾತೆಯೊಳಗೆ ಹೋಗುವುದೇ ಕಷ್ಟ.